ಉಮ್ಮಾಮನ ಎಡಗಿವಿಯ ಚಿತ್ರ

ಆ ಬೆಳಿಗ್ಗೆ ಕಬಕದಲ್ಲಿ ಉಮ್ಮಾಮನ ಮನೆಯ ಜಗಲಿಯಲ್ಲಿ ನಾವು ಮೂವರೇ ಇದ್ದದ್ದು. ಸ್ಟೂಲಿನ ಮೇಲೆ ಉಮ್ಮಾಮ, ಪಕ್ಕದಲ್ಲಿ ಬಿಳಿ ಪಿಂಗಾಣಿ ತಟ್ಟೆ ಹಿಡಿದು ನಿಂತ ಅವರ ಸೊಸೆ, ನೆಲಕ್ಕೆ ಮೊಣಕಾಲೂರಿದ ನಾನು. ಉಮ್ಮಾಮ ಎಂದರೆ ಬ್ಯಾರಿಯಲ್ಲಿ ಅಜ್ಜಿ, ಆದರೆ ಇವರು ನನ್ನ ಸ್ವಂತ ಅಜ್ಜಿಯಲ್ಲ. ನನ್ನ ಅಮ್ಮನೂ ಅವರೂ ಇದೇ ಜಗಲಿಯಲ್ಲಿ ಒಟ್ಟಿಗೆ ಕೂತು ವರ್ಷಗಟ್ಟಲೆ ಬೀಡಿ ಕಟ್ಟಿದವರು. ನಾನು ಮಾತು ಕಲಿತದ್ದೂ ಅವರಿಬ್ಬರ ನಡುವೆಯೇ: ಅಮ್ಮನಿಂದ ತುಳು, ಇವರಿಂದ ಬ್ಯಾರಿ, ಇಬ್ಬರೂ ಮರ್ಯಾದೆಯಿಂದ ಜಗಳಾಡುವಾಗ ಕನ್ನಡ.

ಮೊಮ್ಮಗಳ ಮದುವೆಗೆ ಮೂರು ವಾರ ಉಳಿದಿತ್ತು. ಅಷ್ಟರಲ್ಲಿ ಉಮ್ಮಾಮನ ಬಲಗಿವಿಯ ಅಲಿಕತ್ತು ಕಳೆದುಹೋಯಿತು. ಅಲಿಕತ್ತೆಂದರೆ ಕಿವಿಯ ಮೇಲಂಚಿಗೆ ಹಾಕುವ, ಸಣ್ಣ ಸಣ್ಣ ಗುಂಡುಗಳು ತೂಗುವ, ಬಳೆಯಂಥ ಚಿನ್ನದ ಓಲೆ. ಉಮ್ಮಾಮನ ಮದುವೆಯ ದಿನ ಅವರ ತಾಯಿಯೇ ಹಾಕಿದ ಜೋಡಿ ಅದು. ಒಗೆಯುವ ಕಲ್ಲಿನ ಸುತ್ತ, ಬಾವಿಕಟ್ಟೆಯ ಸಂದಿನಲ್ಲಿ, ಎಲ್ಲ ಕಡೆ ಹುಡುಕಿದರೂ ಸಿಗಲಿಲ್ಲ.

“ಒಂದು ಕಿವಿ ಬೋಳು ಮಾಡಿಕೊಂಡು ನಾನು ಮದುವೆಗೆ ಬರುದಿಲ್ಲ. ನೀವೆಲ್ಲ ಹೋಗಿ ಬಿರಿಯಾನಿ ತಿಂದು ಬನ್ನಿ” ಎಂದು ಉಮ್ಮಾಮ ಕೂತುಬಿಟ್ಟರು. ಅವರು ಹಾಗೆ ಕೂತರೆಂದರೆ ಕೂತ ಹಾಗೆಯೇ.

ಪುತ್ತೂರಿನ ಹಳೆಯ ಅಕ್ಕಸಾಲಿಗ ಇನ್ನೊಂದು ಮಾಡಿಕೊಡಲು ಒಪ್ಪಿದ. ಆದರೆ ಆ ನಮೂನೆಯದ್ದನ್ನು ಈಗ ಯಾರೂ ಮಾಡುವುದಿಲ್ಲ, ನೋಡಿಕೊಂಡೇ ಮಾಡಬೇಕು. ಉಳಿದ ಒಂದನ್ನು ಬಿಚ್ಚೋಣವೆಂದರೆ ಅದು ಚರ್ಮದೊಳಗೆ ಬಿಗಿದು ಕೂತಿದೆ, ಕತ್ತರಿಸದೆ ಬರುವುದಿಲ್ಲ.

“ಕತ್ತರಿಸುದಾದರೆ ಮೊದಲು ಕಿವಿ ಕತ್ತರಿಸಲಿ” ಎಂದರು ಉಮ್ಮಾಮ.

“ಹಾಗಾದರೆ ಅವರನ್ನೇ ಒಂದು ವಾರ ಅಂಗಡಿಯಲ್ಲಿ ಕೂರಿಸಿ ಮಾರಾಯ್ರೆ. ಇಲ್ಲದಿದ್ದರೆ ಒಂದೊಂದು ಗುಂಡೂ ಎಣಿಸಲಿಕ್ಕೆ ಆಗುವ ಹಾಗೆ ಫೋಟೋ ತನ್ನಿ” ಎಂದ ಅಕ್ಕಸಾಲಿಗ. ಸೊಸೆ ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವನ್ನು ತೋರಿಸಿದಳು. “ಇದೆಂತ, ಜಿಲೇಬಿಯಾ?” ಎಂದನಂತೆ.

ಆಗ ನನಗೆ ಕರೆ ಬಂತು. ಮಂಡೆಕೋಲಿನ ನನ್ನ ಮನೆಯಲ್ಲಿ ಒಂದು ಅಗ್ಗದ ಡಿಜಿಟಲ್ ಕ್ಯಾಮೆರಾ ಉಂಟು. ಅದರಲ್ಲಿ ಕೆಂಜಿರುವೆ, ಪಾಚಿ, ತುಂಬೆ ಹೂವು ಎಂದು ಹತ್ತಿರದ ಚಿತ್ರ ತೆಗೆಯುವ ಹುಚ್ಚು ನನ್ನದು. ಇರುವೆಗಳು ಕಲಿಸಿದ ಪಾಠ ಇಷ್ಟೇ: ಹತ್ತಿರದ ಚಿತ್ರಕ್ಕೆಂದೇ ಇರುವ ಹೂವಿನ ಗುರುತಿನ ಗುಂಡಿ ಒತ್ತಬೇಕು, ಜೂಮ್ ಮುಟ್ಟಬಾರದು, ಆಸೆಪಟ್ಟು ತೀರಾ ಹತ್ತಿರ ಹೋಗಬಾರದು. ಫ್ಲ್ಯಾಶ್ ಹಾಕಿದರೆ ಚಿನ್ನವೆಲ್ಲ ಸುಣ್ಣವಾಗುತ್ತದೆ. ನೆರಳಿನಲ್ಲಿ ಕೂರಿಸಿ, ಬಿಳಿಯದ್ದೇನಾದರೂ ಹಿಡಿದು ಬೆಳಕನ್ನು ಹಾಯಿಸಬೇಕು. ಅದಕ್ಕೇ ಆ ತಟ್ಟೆ.

ಕ್ಯಾಮೆರಾವನ್ನು ಅಕ್ಕಿಚೀಲದ ಮೇಲೆ ಅಲುಗದಂತೆ ಇಟ್ಟೆ. ಗುಂಡಿಯನ್ನು ಅರ್ಧ ಒತ್ತಿದೆ. ಪರದೆಯಲ್ಲಿ ಫೋಕಸ್ಸಿನ ಹಸಿರು ಚೌಕ ಅಲಿಕತ್ತಿನ ಮೇಲೆ ಬಂತು. ಬೆರಳಿನ ನಡುಕವೂ ತಾಗಬಾರದೆಂದು ಎರಡು ಸೆಕೆಂಡಿನ ಟೈಮರ್ ಇಟ್ಟಿದ್ದೆ. ಆದರೆ ಆ ಎರಡು ಸೆಕೆಂಡಿನಲ್ಲಿ ಉಮ್ಮಾಮನಿಗೆ ಹೇಳಲಿಕ್ಕೆ ಎಷ್ಟೆಲ್ಲ ಇತ್ತು!

“ಮುಖ ಬರುದಿಲ್ಲ ಅಲ್ಲವಾ ಮಗಳೆ?”

“ಇಲ್ಲ, ಕಿವಿ ಮಾತ್ರ. ಅಲುಗಬೇಡಿ.”

“ನಾನು ಎಲ್ಲಿ ಅಲುಗಿದೆ? ನಿನ್ನ ಅಮ್ಮ ಅಲುಗುತ್ತಿದ್ದದ್ದು. ಅವಳು ಕಟ್ಟಿದ ಬೀಡಿ ನೋಡಬೇಕಿತ್ತು, ಬಾಣಂತಿಯ ಹೊಟ್ಟೆಯ ಹಾಗೆ…”

ಕ್ಲಿಕ್. ಜಿಲೇಬಿ.

ಹದಿನೇಳು ಜಿಲೇಬಿಯಾಯಿತು. ಮಾತಾಡಬೇಡಿ ಎಂದರೆ ನಗು, ನಗಬೇಡಿ ಎಂದರೆ ಕೆಮ್ಮು. ಸೊಸೆಯ ಕೈ ಸೋತು ತಟ್ಟೆ ಬಾಗತೊಡಗಿತು. “ಕತ್ತರಿಸುದೇ ಆಗುತ್ತದೋ ಏನೋ” ಎಂದು ಅವಳು ಮೆಲ್ಲಗೆ ಹೇಳಿದ್ದು ಉಮ್ಮಾಮನಿಗೂ ಕೇಳಿಸಿತು. ಅವರ ಕೈ ತಾನಾಗಿ ಎಡಗಿವಿಯನ್ನು ಮುಚ್ಚಿಕೊಂಡಿತು. ಮೊದಲ ಬಾರಿಗೆ ಸುಮ್ಮನಾದರು. ಆದರೆ ಈಗ ತಲೆಯೇ ನಡುಗುತ್ತಿತ್ತು.

ಚಿಕ್ಕವಳಿದ್ದಾಗ ಅಮ್ಮನ ಪಕ್ಕ ಕೂತು ನಾನು ನೋಡುತ್ತಿದ್ದ, ಬೀಡಿ ಕಟ್ಟುವ ಉಮ್ಮಾಮ ಥಟ್ಟನೆ ನೆನಪಾದರು. ಎಲೆ ಸುರುಟುವವರೆಗೂ ಊರಿನ ಸುದ್ದಿಯೆಲ್ಲ ಹರಿಯುತ್ತಿತ್ತು. ನೂಲು ಸುತ್ತುವ ಗಳಿಗೆ ಬಂತೆಂದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಉಸಿರೂ ನಿಲ್ಲುತ್ತಿತ್ತು.

“ಮನೆಯಲ್ಲಿ ಬೀಡಿಯ ಎಲೆ ಉಂಟಾ?” ಎಂದು ಸೊಸೆಯನ್ನು ಕೇಳಿದೆ.

ಪಕ್ಕದ ಮನೆಯಿಂದ ಎಲೆ, ಹೊಗೆಸೊಪ್ಪು, ನೂಲು ಇದ್ದ ಮೊರವೇ ಬಂತು. ಮೊರ ತೊಡೆಯ ಮೇಲೆ ಕೂತದ್ದೇ ಉಮ್ಮಾಮನ ಬೆನ್ನು ನೆಟ್ಟಗಾಯಿತು. ಕೈಬಿಟ್ಟು ಎಷ್ಟು ವರ್ಷವಾದರೂ ಬೆರಳು ಮರೆತಿರಲಿಲ್ಲ. ಎಲೆ ಸುರುಟುತ್ತಾ ನನ್ನ ಅಮ್ಮನನ್ನು ಮತ್ತೆ ಬೈಯತೊಡಗಿದರು. ನಾನು ಅರ್ಧ ಒತ್ತಿ ಕಾದೆ. ನೂಲಿನ ತುದಿ ಬೆರಳಿಗೆ ಬಂತು. ಬೈಗಳು ನಡುವೆಯೇ ತುಂಡಾಯಿತು. ಪೂರ್ತಿ ಒತ್ತಿದೆ. ನೂಲು ಎರಡು ಸುತ್ತು ಬಂತು, ಕ್ಯಾಮೆರಾ ಕ್ಲಿಕ್ಕೆಂದಿತು.

ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆವು. ಗುಂಡುಗಳನ್ನು ಎಣಿಸಬಹುದಿತ್ತು. ಬಳೆಯ ಅಂಚಿನಲ್ಲಿ ಜೀರಿಗೆಯಷ್ಟು ಸಣ್ಣ ತಗ್ಗೊಂದು ಕೂಡ ಕಂಡಿತು.

“ಅದು ನಮ್ಮ ಮದುಮಗಳು ಕಚ್ಚಿದ್ದು” ಎಂದರು ಉಮ್ಮಾಮ. “ಎರಡೇ ಹಲ್ಲು ಬಂದಿತ್ತು. ಎತ್ತಿಕೊಂಡರೆ ಸಾಕು, ಕಿವಿಗೇ ಬಾಯಿ ಹಾಕುತ್ತಿದ್ದಳು ಕಳ್ಳಿ.”

ಮುದ್ರಿಸಿದ ಚಿತ್ರವನ್ನು ನಾನೇ ಪುತ್ತೂರಿಗೆ ಒಯ್ದೆ. “ಇದರಲ್ಲಿ ಹೇಗುಂಟೋ ಹಾಗೇ ಆಗಬೇಕು. ಒಂದು ಕೂದಲಿನಷ್ಟೂ ವ್ಯತ್ಯಾಸ ಬೇಡ” ಎಂದು ದೊಡ್ಡ ಗತ್ತಿನಿಂದ ಹೇಳಿ ಬಂದೆ. ಅಕ್ಕಸಾಲಿಗ ಮಾತಿಗೆ ತಪ್ಪದ ಮನುಷ್ಯ. ಗುಂಡು, ತಿರುಪು ಎಲ್ಲ ಹಾಗೆಯೇ ಮಾಡಿದ. ಆ ತಗ್ಗನ್ನೂ ಜೀರಿಗೆಯಷ್ಟೇ ಅಳತೆಗೆ, ಅದೇ ಜಾಗದಲ್ಲಿ ತಟ್ಟಿ ಕೂರಿಸಿದ್ದ. “ಅದಕ್ಕೇ ಅರ್ಧ ದಿನ ಹೋಯಿತು” ಎಂದು ಬೇರೆ ಹೇಳಿದ.

ಮದುವೆಯ ದಿನ ಉಮ್ಮಾಮ ಶಾಲನ್ನು ಎರಡೂ ಕಿವಿಗಳ ಹಿಂದಕ್ಕೆ ಸಿಕ್ಕಿಸಿಕೊಂಡು ಹೆಂಗಸರ ಕೋಣೆಯ ಬಾಗಿಲಲ್ಲೇ ಕೂತರು. ಮದುಮಗಳು ಬಂದು ಬಗ್ಗಿ, ಬಲಗಿವಿಯ ಹೊಸ ಅಲಿಕತ್ತಿನ ತಗ್ಗನ್ನು ಬೆರಳಿನಿಂದ ಸವರಿದಳು.

“ಉಮ್ಮಾಮ, ಈ ಕಡೆಯದ್ದನ್ನು ನಾನು ಯಾವಾಗ ಕಚ್ಚಿದ್ದು?”

ಉಮ್ಮಾಮ ಅವಳ ಕೆನ್ನೆ ಹಿಂಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಎದ್ದು, ಬಿರಿಯಾನಿಗೆ ನಡೆದರು.