ಕಟ್ಟಿದರೆ ತಾಯಿತ, ಬಚ್ಚಿಟ್ಟರೆ ಮಾಟ

"ಇದು ಅಸಲಿ ಉಣ್ಣೇನಾ?" ಎಂದು ಕೇಳಿದ್ದು ನಾನೇ. ಮಳಿಗೆಯಲ್ಲಿದ್ದ ಹುಡುಗಿ ನಕ್ಕು, ಶಾಲಿನ ಅಂಚಿನಿಂದ ಒಂದೆಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟೇ ತೋರಿಸಿದಳು. "ಮೂಸಿ ನೋಡಿ ಆಂಟಿ. ಕೂದ್ಲು ಸುಟ್ಟಂಗೆ ಬಂದ್ರೆ ಅಸಲಿ, ಪ್ಲಾಸ್ಟಿಕ್ ವಾಸನೆ ಬಂದ್ರೆ ನಕಲಿ." ಮೂಸಿದೆ. ಅಸಲಿಯೇ. ಆದರೆ ಶಾಲು ಕೊಳ್ಳುವ ಯೋಚನೆ ಅಲ್ಲೇ ಮರೆತುಹೋಯಿತು. ಮೂವತ್ತು ವರ್ಷಕ್ಕೂ ಹಿಂದೆ, ಒಂದು ಬೆಳಿಗ್ಗೆ, ನಮ್ಮ ಬಚ್ಚಲೊಲೆಯಿಂದ ಇದೇ ವಾಸನೆ ಬಂದಿತ್ತು... ಅವತ್ತು ಒಲೆಯಲ್ಲಿ ಉರಿದದ್ದು ನನ್ನ ಮಗನ ಸ್ವೆಟರು.

ಕಡೂರಿನ ಸಮುದಾಯ ಭವನದಲ್ಲಿ ನಡೆಯುತ್ತಿದ್ದದ್ದು ನಿರಾಶ್ರಿತರ ಸಂಸ್ಕೃತಿ ಹಬ್ಬ. ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಫ್ಲೆಕ್ಸ್ ಹಾಕಿದ್ದರು. ಪ್ರವೇಶ ಉಚಿತ, ರುಚಿ ನೋಡುವುದೂ ಉಚಿತ. ಬಿಟ್ಟಿ ಅಂದ ಕೂಡಲೇ ನನಗೆ ಅನುಮಾನ. ಯಾರು ಮಾಡಿಸ್ತಿದ್ದಾರೆ, ಇವರಿಗೇನು ಲಾಭ, ಎಲೆಕ್ಷನ್ ಏನಾದರೂ ಹತ್ತಿರ ಬಂತೇ? ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆ ಅರ್ಜಿಗಳನ್ನು ನೋಡಿಕೊಂಡೇ ರಿಟೈರ್ ಆದವಳು ನಾನು. ಎದುರಿಗೆ ನಿಂತವನು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೇ ಫೈಲು ಬಿಚ್ಚಬೇಕು. ನಿಜ ಇದ್ದರೆ ಅದು ತಾನಾಗಿ ಹೊರಗೆ ಬರುತ್ತದೆ. ನಮ್ಮನೆಯವರು ಬದುಕಿದ್ದಾಗ, "ನೀನು ದೇವರ ಪ್ರಸಾದಕ್ಕೂ ರಸೀದಿ ಕೇಳೋಳು ಕಣೇ" ಅನ್ನುತ್ತಿದ್ದರು.

ಬಾಗಿಲಲ್ಲೇ ಒಂದು ರಿಜಿಸ್ಟರ್ ಇಟ್ಟಿದ್ದರು. ಹೆಸರು, ಊರು, ಮೊಬೈಲ್ ನಂಬರು. ನನ್ನ ಹೆಸರು ಇವರಿಗೆ ಯಾಕೆ? 'ಕಮಲಮ್ಮ, ಬೀರೂರು' ಎಂದು ಬರೆದು, ನಂಬರಿನ ಜಾಗ ಖಾಲಿ ಬಿಟ್ಟು ಒಳಗೆ ಹೋದೆ. ನಾನು ಕಮಲಮ್ಮನೂ ಅಲ್ಲ, ಬೀರೂರಿನವಳೂ ಅಲ್ಲ.

ಒಳಗೆ ಜನವೋ ಜನ. ವೇದಿಕೆಯ ಮೇಲೆ ಸಿಲೋನಿನಿಂದ ಬಂದವರ ಮಕ್ಕಳು ತಮಟೆ ಬಡಿದು ಕುಣಿಯುತ್ತಿದ್ದರು. ಬಂಗಾಳದ ಕಡೆಯಿಂದ ಓಡಿಬಂದು ನಮ್ಮ ರಾಜ್ಯದಲ್ಲೇ ನೆಲೆಯಾದ ಹೆಂಗಸರು ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತ ಕೂತಿದ್ದರು. ನಮ್ಮ ಕೌದಿಯೇ, ಹೊಲಿಗೆ ಮಾತ್ರ ಬೇರೆ. ಆ ಕಡೆ ಟಿಬೆಟಿನವರ ಮಳಿಗೆ. ಆವಿಯ ಕಡುಬು, ಉಪ್ಪು ಹಾಕಿದ ಚಹಾ, ಉಣ್ಣೆ ಶಾಲು. ನಾನು ಬಂದದ್ದು ಅಲ್ಲಿಗೇ. ನನ್ನ ಬ್ಯಾಗಿನ ಒಳಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿ ಮಡಚಿದ ಒಂದು ಕಾಗದ ಇತ್ತು, ಅದನ್ನು ಯಾರಿಂದಾದರೂ ಓದಿಸಬೇಕಿತ್ತು. ನನ್ನ ಮಗನಿಗೆ ಕೆಟ್ಟದಾಗಲಿ ಅಂತ ಬರೆದಿತ್ತೋ, ಒಳ್ಳೆಯದಾಗಲಿ ಅಂತ ಬರೆದಿತ್ತೋ... ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

ಆ ಕಾಗದ ಕೊಟ್ಟವಳನ್ನು ನಾವು 'ಸ್ವೆಟರ್ ಅಕ್ಕ' ಅನ್ನುತ್ತಿದ್ದೆವು. ದೀಪಾವಳಿ ಕಳೆದ ಮೇಲೆ ಬಂದು ಸ್ಟೇಷನ್ ರಸ್ತೆಯಲ್ಲಿ ನಮ್ಮ ಮನೆಯೆದುರಿನ ಕಾಂಪೌಂಡ್ ಗೋಡೆಗೆ ಹಗ್ಗ ಕಟ್ಟಿ, ಸ್ವೆಟರ್, ಟೋಪಿ, ಮಫ್ಲರ್ ನೇತುಹಾಕುತ್ತಿದ್ದಳು. ಸಂಕ್ರಾಂತಿ ಆಗುತ್ತಿದ್ದಂತೆ ಗಂಟು ಕಟ್ಟಿ ಹೊರಟುಬಿಡುತ್ತಿದ್ದಳು. ಜೊತೆಗೆ ಒಬ್ಬ ಗಂಡಸು ಇದ್ದ. ಗಂಡನೋ, ಅಣ್ಣನೋ... ನಾವು ಕೇಳಲಿಲ್ಲ. ಸಂಜೆ ಅಂಗಡಿ ಎತ್ತಿದ ಮೇಲೆ ಬಟ್ಟೆಯ ಗಂಟುಗಳನ್ನು ನಮ್ಮ ಜಗಲಿಯ ಮೇಲೆ ಇಟ್ಟುಹೋಗುವುದಕ್ಕೆ ನಮ್ಮತ್ತೆ ಒಪ್ಪಿದ್ದರು. ಆ ಜಗಲಿ ಇಲ್ಲದಿದ್ದರೆ ಅವಳಿಗೆ ಆ ರಸ್ತೆಯಲ್ಲಿ ವ್ಯಾಪಾರವೇ ಇಲ್ಲ. ಅಷ್ಟು ಸರಕನ್ನು ದಿನಾ ಹೊತ್ತು ತರಲು ಆಗುತ್ತಿರಲಿಲ್ಲ.

ನಮ್ಮತ್ತೆ ಬುಕ್ಕಾಂಬುಧಿಯವರು. ಮಾತು ಒರಟು, ಕೈ ಧಾರಾಳ. ಸ್ವೆಟರ್ ಅಕ್ಕನಿಗೆ ಕನ್ನಡ ಕಲಿಸಿದ್ದೇ ಅವರು. ಮೊದಲ ವರ್ಷ ಅವಳು ಸಂಜೆ ಗಂಟು ಇಟ್ಟು, "ಹೋಗ್ತೀನಿ ಅಮ್ಮ" ಅಂದಾಗ ಅತ್ತೆ ಬೈದೇಬಿಟ್ಟರು. "ಹಂಗನ್ಬಾರ್ದು ಕಣೇ! ಸಾಯಕ್ಕೋಗೋರು ಹೋಗ್ತೀನಿ ಅಂತಾರೆ. ಬತ್ತೀನಿ ಅನ್ಬೇಕು." ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, "ಬತ್ತೀನಿ, ಬತ್ತೀನಿ" ಎಂದು ಎರಡೆರಡು ಸಲ ಹೇಳಿದಳು. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ರಸ್ತೆ ದಾಟಿ ನೀರು ಕುಡಿಯಲು ಹೋಗುವಾಗಲೂ "ಬತ್ತೀನಿ".

ನನ್ನ ಮಗ ಹುಟ್ಟಿದ್ದು ಅವಳು ಬರುತ್ತಿದ್ದ ನಾಲ್ಕನೆಯ ವರ್ಷ. ಚಳಿಗಾಲಕ್ಕೆ ಐದು ತಿಂಗಳ ಕೂಸು. ಅವಳಿಗೆ ಅವನೆಂದರೆ ಪ್ರಾಣ. ಗಿರಾಕಿ ನಿಂತಿದ್ದರೂ ಬಿಟ್ಟುಬಂದು ಜಗಲಿಯ ಮೇಲೆ ಕೂತು ಅವನನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ಒಂದು ದಿನ, "ಹೆಸರು ಏನು?" ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಪುಟ್ಟ. ಪುಟ್ಟ ಅಂತ" ಎಂದುಬಿಟ್ಟರು. ಒಳಗೆ ಬಂದು ನನಗೆ ಪಾಠ. "ಕಂಡೋರ್‌ಗೆಲ್ಲ ಮಗೀನ ಹೆಸ್ರು ಹೇಳ್ಬಾರ್ದು. ಹೆಸ್ರಿಡ್ಕೊಂಡೇ ಮಾಡ್ಸೋದು ಅವೆಲ್ಲ." ಅವೆಲ್ಲ ಅಂದರೆ ಮಾಟ. ಅವತ್ತಿನಿಂದ ನಾನು 'ಪುಟ್ಟನಮ್ಮ' ಆದೆ. ನಾನು ಕಚೇರಿಯಿಂದ ಬರುವಾಗ ದೂರದಿಂದಲೇ ಕೂಗುತ್ತಿದ್ದಳು, "ಪುಟ್ಟನಮ್ಮ, ಪುಟ್ಟ ಇವತ್ತು ನಕ್ಕ!"

ಇನ್ನೊಂದು ದಿನ ಅವಳು ಅವನ ಕೈಗೆ ಕೆಂಪು ದಾರ ಕಟ್ಟಲು ಹೋದಳು. ಅತ್ತೆ ಮಗುವನ್ನು ಕಿತ್ತುಕೊಂಡರು. "ನಿಮ್ ದೇವ್ರು ದೊಡ್ಡೋನೇ ಇರ್ಬೋದು ಕಣಮ್ಮ. ನಮ್ ಮಗೀಗೆ ನಮ್ ದೇವ್ರೇ ಸಾಕು." ಅವಳು ದಾರವನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಂಡಳು. ಅದಾಗಿ ವಾರಕ್ಕೆ ಸ್ವೆಟರ್ ತಂದುಕೊಟ್ಟಳು. ಮಾರುವ ಮಿಷನ್ ಸ್ವೆಟರ್ ಅಲ್ಲ, ತಾನೇ ಕಡ್ಡಿಯಲ್ಲಿ ಹೆಣೆದದ್ದು, ಅರಿಶಿನದ ಬಣ್ಣ, ಕತ್ತಿನ ಹತ್ತಿರ ಮೂರು ಮರದ ಗುಂಡಿ. ಬಿಟ್ಟಿ ಯಾಕೆ ಕೊಟ್ಟಳು ಎಂದು ನಾನು ಆಗಲೂ ಯೋಚಿಸಿದೆ. ಜಗಲಿ ಕೊಟ್ಟಿದ್ದಕ್ಕೆ ಇರಬೇಕು ಅಂದುಕೊಂಡೆ.

ಸ್ವೆಟರ್ ಹಾಕಿದ ನಾಲ್ಕನೆಯ ದಿನ ಮಗುವಿಗೆ ಜ್ವರ. ಮರುದಿನ ಎದೆ ಗೊರಗೊರ ಅನ್ನತೊಡಗಿತು. ಹಾಲು ಕುಡಿಯಲಿಲ್ಲ, ಅಳುವುದಕ್ಕೂ ಶಕ್ತಿಯಿಲ್ಲ. ಬಸ್ಸಿನಲ್ಲಿ ತರೀಕೆರೆಗೆ ಹೊತ್ತುಕೊಂಡು ಹೋದೆವು. ಅಲ್ಲಿನ ಮಕ್ಕಳ ಡಾಕ್ಟರು, ಎದೆಯಲ್ಲಿ ಕಫ ಕಟ್ಟಿದೆ, ಐದು ದಿನ ಇಂಜೆಕ್ಷನ್ ಆಗಲೇಬೇಕು ಎಂದರು. ಮನೆಗೆ ಬಂದು ಬಟ್ಟೆ ಬದಲಿಸುವಾಗ ಅತ್ತೆಯ ಕೈಗೆ ಸ್ವೆಟರಿನ ಅಂಚಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಕತ್ತರಿ ಹಾಕಿ ಬಿಚ್ಚಿದರು. ಕೆಂಪು, ಹಳದಿ, ಹಸಿರು ದಾರ ಅಡ್ಡಡ್ಡ ಸುತ್ತಿದ ಒಂದು ಪೊಟ್ಟಣ. ದಾರ ಬಿಚ್ಚಿದರೆ ಕಾಗದ. ಒಂದು ಕಡೆ ತಲೆಬುಡ ತಿಳಿಯದ ಅಕ್ಷರಗಳ ಅಚ್ಚು. ಹಿಂದುಗಡೆ, ನೀಲಿ ಪೆನ್ನಿನಲ್ಲಿ, ಕೈಯಲ್ಲಿ ಬರೆದ ಎರಡೇ ಅಕ್ಷರ.

"ಅಯ್ಯೋ ನನ್ನಪ್ಪಾ!" ಎಂದು ಅತ್ತೆ ಕುಸಿದು ಕೂತರು.

ನಮ್ಮ ಮಗುವಿನ ಸೊಂಟದಲ್ಲೂ ತಾಯಿತ ಇತ್ತು. ತಾಯಿತ ಕಂಡು ಹೆದರುವ ಜನ ನಾವಲ್ಲ. ಆದರೆ ನಮ್ಮದು ಕಾಣುವ ಹಾಗೆ ಕಟ್ಟುವುದು. "ಕಟ್ಟಿದ್ರೆ ತಾಯ್ತ, ಬಚ್ಚಿಟ್ರೆ ಮಾಟ" ಎಂದರು ಅತ್ತೆ. ನಾನು ಓದಿದವಳು, ಮಾಟ ನಂಬುವವಳಲ್ಲ. ಆದರೆ ಮಗು ಹಾಗೆ ಮಲಗಿರುವಾಗ ನಂಬದೆ ಇರುವ ಧೈರ್ಯವೂ ನನಗೆ ಬರಲಿಲ್ಲ. ನನ್ನನ್ನು ಹೆಚ್ಚು ಹೆದರಿಸಿದ್ದು ಆ ಪೆನ್ನಿನ ಬರಹ. ಅಚ್ಚಿನ ಕಾಗದ ಎಲ್ಲರಿಗೂ ಒಂದೇ. ಕೈಬರಹ ಅಂದರೆ ನಮಗೆಂದೇ ಬರೆದದ್ದು.

ಅವಳು ಆಗಲೇ ಬಂದಳು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. ಹೊಸ್ತಿಲಲ್ಲಿ ನಿಂತು, "ಪುಟ್ಟ ಹೆಂಗೆ?" ಎಂದಳು. ನಾನು ಕಾಗದ ಎದುರಿಗೆ ಹಿಡಿದೆ. ಕಚೇರಿಯಲ್ಲಿ ಖೋಟಾ ಪತ್ರ ಸಿಕ್ಕಾಗ ಮಾತಾಡುವ ದನಿಯಲ್ಲೇ ಕೇಳಿದೆ, "ಏನಿದು?"

ಅವಳ ಮುಖ ಅರಳಿತು. "ಒಳ್ಳೇದು. ಒಳ್ಳೇದು ಪುಟ್ಟನಮ್ಮ. ಪುಟ್ಟಂಗೆ."

"ಒಳ್ಳೇದಾದ್ರೆ ಬಚ್ಚಿಟ್ಟಿದ್ದು ಯಾಕೆ?"

ಅವಳು ಅತ್ತೆಯ ಕಡೆ ನೋಡಿದಳು, ತಲೆ ತಗ್ಗಿಸಿದಳು. "ಅಮ್ಮ ಬೈತಾರೆ" ಎಂದಳು.

ಅಷ್ಟೇ ಸತ್ಯ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ನನ್ನ ಕಿವಿಗೆ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿಸಿತು. ಅತ್ತೆ ಎದ್ದು ನಿಂತು ಕೂಗಾಡಿದರು, ನಾಳೆಯಿಂದ ಜಗಲಿ ಮೇಲೆ ಒಂದು ಗಂಟೂ ಕಾಣಬಾರದು ಎಂದರು. ನಾನು ತಡೆಯಬಹುದಿತ್ತು. ಕಚೇರಿಗೆ ಹೋಗಿ ನಾಲ್ಕು ಜನರ ಅಹವಾಲು ಕೇಳುವವಳು, ಮನೆ ಬಾಗಿಲಲ್ಲಿ ನಿಂತವಳಿಗೆ ಇನ್ನೊಂದು ಮಾತಿಗೆ ಅವಕಾಶ ಕೊಡಲಿಲ್ಲ. ಅವಳು ಫ್ಲಾಸ್ಕನ್ನು ಹೊಸ್ತಿಲ ಪಕ್ಕ ಇಟ್ಟಳು. ಗಂಟುಗಳನ್ನು ಒಂದೊಂದಾಗಿ ರಸ್ತೆಗೆ ಇಳಿಸಿದಳು. ಕೊನೆಯ ಗಂಟು ಬೆನ್ನಿಗೇರಿಸಿ, ತಿರುಗಿ ನೋಡಿ, "ಹೋಗ್ತೀನಿ ಪುಟ್ಟನಮ್ಮ" ಎಂದಳು.

"ನೋಡ್ದಾ, ನೋಡ್ದಾ! ಮಗ ಮಲ್ಗಿರೋ ಮನೆ ಮುಂದೆ ಹೋಗ್ತೀನಿ ಅಂತಾಳೆ!" ಎಂದರು ಅತ್ತೆ. ಅವರಿಗೆ ಅದು ಅಪಶಕುನ. ನಾನೂ ಹಾಗೇ ತಿಳಿದೆ. ಮತ್ತೆ ಬರುವುದಿಲ್ಲ ಎಂದು ಹೊರಟವರು ಬತ್ತೀನಿ ಅನ್ನಲಾರರು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಸ್ವೆಟರನ್ನು ಬಚ್ಚಲೊಲೆಗೆ ಹಾಕಿದರು. ಕಾಗದವನ್ನು ಹರಿಯುವ ನೀರಿಗೆ ಬಿಡು ಎಂದು ನನ್ನ ಕೈಗೆ ಕೊಟ್ಟರು. ಟ್ರಂಕಿನ ತಳದಲ್ಲಿಟ್ಟು, ಬಿಟ್ಟೆ ಎಂದು ಸುಳ್ಳು ಹೇಳಿದೆ. ಯಾವ ಕಾಗದವನ್ನೂ ನಾಶ ಮಾಡುವ ಅಭ್ಯಾಸ ನನಗಿಲ್ಲ, ಅದರಲ್ಲೂ ಸಾಕ್ಷಿಯ ಕಾಗದವನ್ನು. ಐದು ಇಂಜೆಕ್ಷನ್ ಮುಗಿಯುವಷ್ಟರಲ್ಲಿ ಮಗ ಕೈಕಾಲು ಆಡಿಸತೊಡಗಿದ. ಡಾಕ್ಟರ ಔಷಧಿಯೆಂದು ನಾನಂದೆ, ಸ್ವೆಟರ್ ಸುಟ್ಟಿದ್ದರಿಂದ ಎಂದು ಅತ್ತೆ ಅಂದರು. ಮುಂದಿನ ದೀಪಾವಳಿಗೆ ಎದುರು ಗೋಡೆಗೆ ಹಗ್ಗ ಬೀಳಲಿಲ್ಲ. ಬೇರೆ ಸ್ವೆಟರಿನವರು ಬಂದರು, ಬಸ್ ಸ್ಟ್ಯಾಂಡಿನ ಹತ್ತಿರ ಕೂತರು. ಕಾಗದವನ್ನು ಅವರಿಗೆ ತೋರಿಸಲು ನನಗೆ ಧೈರ್ಯವಾಗಲಿಲ್ಲ. ಅವಳು ಬರಲಿಲ್ಲ. ಅತ್ತೆ ಆ ಫ್ಲಾಸ್ಕನ್ನು ಬಳಸಲೂ ಇಲ್ಲ, ಬಿಸಾಕಲೂ ಇಲ್ಲ. ಸಾಯುವವರೆಗೂ ಅಟ್ಟದ ಮೇಲೆ ಇಟ್ಟಿದ್ದರು.

ಮಗ ಈಗ ತರೀಕೆರೆಯಲ್ಲಿ ಲೈನ್‌ಮನ್. ದಿನಾ ಕಂಬ ಹತ್ತುವ ಕೆಲಸ. ಅವನು ಕಂಬ ಹತ್ತಿದ್ದಾನೆ ಅಂದಾಗಲೆಲ್ಲ ನನಗೆ ಟ್ರಂಕಿನಲ್ಲಿರುವ ಆ ಕಾಗದ ನೆನಪಾಗುತ್ತಿತ್ತು...

ಸುಟ್ಟ ಎಳೆಯ ವಾಸನೆ ಇನ್ನೂ ಮೂಗಿನಲ್ಲೇ ಇರುವಾಗ ನಾನು ಬ್ಯಾಗ್ ತೆರೆದು ಕಾಗದವನ್ನು ಮಳಿಗೆಯ ಹುಡುಗಿಗೆ ಕೊಟ್ಟೆ. ಅವಳು ತಿರುಗಿಸಿ ನೋಡಿ, "ನಂಗೆ ಸರಿಯಾಗಿ ಓದಕ್ ಬರಲ್ಲ ಆಂಟಿ, ತಾತಂಗೆ ಕೊಡ್ತೀನಿ" ಎಂದಳು. ಹಿಂದೆ ಸ್ಟೂಲಿನ ಮೇಲೆ ಕೂತು ಕಡುಬಿನ ಚಟ್ನಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದುಕರು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಕಾಗದವನ್ನು ಮೊದಲು ಹಣೆಗೆ ಮುಟ್ಟಿಸಿಕೊಂಡರು.

"ಇದು ರಕ್ಷೆ ಅಮ್ಮಾ. ಮಕ್ಕಳಿಗೆ ಕಾಯಿಲೆ ಬರಬಾರದು ಅಂತ. ಬಟ್ಟೆ ಒಳಗೆ ಹೊಲಿತಾರೆ, ಕತ್ತಿಗೂ ಕಟ್ತಾರೆ. ನಿಮಗೆಲ್ಲಿ ಸಿಕ್ತು?"

"ಹಿಂದುಗಡೆ ಏನು ಬರೆದಿದೆ ನೋಡಿ" ಎಂದೆ.

ತಿರುಗಿಸಿದರು. "ಇಲ್ಲಿ ಹೆಸರು ಬರಿಯೋದು. ಯಾರಿಗೆ ರಕ್ಷೆ ಬೇಕೋ ಅವರ ಹೆಸರು." ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ಓದಿದರು. "ಪು... ಟಾ. ಪುಟಾ? ಇದು ನಮ್ಮ ಹೆಸರಲ್ಲ. ನಮ್ಮ ಭಾಷೇಲಿ ಇದಕ್ಕೆ ಅರ್ಥ ಇಲ್ಲ. ಯಾರೋ ತಪ್ಪು ಬರ್ದಿದ್ದಾರೆ."

"ತಪ್ಪಲ್ಲ" ಎಂದೆ. ಅಷ್ಟು ಜನರ ಮಧ್ಯೆ, ತಮಟೆಯ ಸದ್ದಿನಲ್ಲಿ, ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ನಿಜವಾದ ಹೆಸರು ಹೇಳಿದರೆ ಮಾಟ ಮಾಡಿಸುತ್ತಾಳೆ ಎಂದು ನಾವು ಬಚ್ಚಿಟ್ಟೆವು. ನಾವು ಕೊಟ್ಟ ಆ ಅರೆ ಹೆಸರನ್ನೇ ಅವಳು ತನ್ನ ದೇವರ ಹತ್ತಿರ ಕೊಂಡೊಯ್ದಿದ್ದಳು.

ಹುಡುಗಿ ಕುರ್ಚಿ ತಂದು ಕೂರಿಸಿ, ಉಪ್ಪಿನ ಚಹಾ ಕೊಟ್ಟಳು. ಮುದುಕರು ಕಾಗದವನ್ನು ಹಳೇ ಮಡಿಕೆಯಲ್ಲೇ ಮಡಚಿ, ಹೊಸ ಕೆಂಪು ದಾರ ಸುತ್ತಿಕೊಟ್ಟರು. "ಕೊಟ್ಟೋರು ಯಾರಮ್ಮಾ? ನಮ್ಮ ಕ್ಯಾಂಪಲ್ಲಿ ವಯಸ್ಸಾದೋರು ಇದ್ದಾರೆ, ಬೇರೆ ಕ್ಯಾಂಪಿಗೂ ಫೋನ್ ಮಾಡಿ ವಿಚಾರಿಸ್ತೀನಿ. ಹೆಸರು ಹೇಳಿ."

"ಸ್ವೆಟರ್ ಅಕ್ಕ" ಎಂದೆ.

"ಅದು ಹೆಸರಲ್ಲವಲ್ಲ ಅಮ್ಮಾ. ಹೆಸರಿಲ್ಲದೆ ಹೆಂಗೆ ಹುಡುಕೋದು?"

ಇದೇ ಮಾತನ್ನು ನಾನು ಕೌಂಟರಿನ ಈಚೆ ಕೂತು ಎಷ್ಟು ಜನರಿಗೆ ಹೇಳಿದ್ದೇನೋ. ತಂದೆಯ ಹೆಸರಿಲ್ಲದ ಅರ್ಜಿಯನ್ನು ಕೈಯಿಂದ ಮುಟ್ಟಿದವಳಲ್ಲ ನಾನು. ನಾಲ್ಕು ಚಳಿಗಾಲ ನಮ್ಮ ಜಗಲಿಯ ಮೇಲೆ ಕೂತವಳ ಹೆಸರನ್ನು ಒಂದು ದಿನ ಕೇಳಲಿಲ್ಲ. ಇದ್ದರೆ ಈಗ ಎಂಬತ್ತರ ಹತ್ತಿರ ಇರಬೇಕು. ಇಲ್ಲದಿದ್ದರೆ... ನಾವು ಅವಳನ್ನು ಏನೆಂದು ತಿಳಿದು ಕಳಿಸಿದೆವೋ, ಅದನ್ನೇ ಹೊತ್ತುಕೊಂಡು ಹೋಗಿದ್ದಾಳೆ. ಅದನ್ನು ಇನ್ನು ಯಾರೂ ತಿದ್ದಲಾರರು.

ಹೊರಗೆ ಬರುವಾಗ ರಿಜಿಸ್ಟರಿನ ಮುಂದೆ ನಿಂತೆ. ಹಬ್ಬ ಮುಗಿದ ಮೇಲೆ ಈ ಪುಸ್ತಕ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ. ಬಂದಿರುವ ಎಲ್ಲ ಕ್ಯಾಂಪುಗಳಿಗೂ ಫೋಟೋ ತೆಗೆದು ಕಳಿಸುತ್ತೇವೆ ಎಂದಳು. 'ಕಮಲಮ್ಮ, ಬೀರೂರು' ಎಂಬುದನ್ನು ಹೊಡೆದುಹಾಕಿದೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ 'ಪುಟ್ಟನಮ್ಮ, ಸ್ಟೇಷನ್ ರಸ್ತೆ, ಕಡೂರು. ಪುಟ್ಟ ಚೆನ್ನಾಗಿದ್ದಾನೆ' ಎಂದು ಬರೆದೆ. ನನ್ನ ಮೊಬೈಲ್ ನಂಬರನ್ನೂ ಬರೆದೆ. ಸ್ವೆಟರ್ ಅಕ್ಕನಿಗೆ ಕನ್ನಡ ಓದಲು ಬರುತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

"ಆಂಟಿ, ಹೊರಟ್ರಾ?" ಎಂದಳು ಹುಡುಗಿ.

"ಬತ್ತೀನಿ ಕಣಮ್ಮ" ಎಂದೆ.