ರೊಟ್ಟಿ ಬಡಿಯುವ ಸಪ್ಪಳ

ಜ್ವರ ಬಿಟ್ಟು ಎರಡು ತಿಂಗಳ ಮೇಲಾಗಿತ್ತು, ಉಸಿರು ಮಾತ್ರ ಇನ್ನೂ ನನ್ನ ಮಾತು ಕೇಳುತ್ತಿರಲಿಲ್ಲ. ಕೋವಿಡ್ ಹೋಗಿದೆ ಎಂದು ಟೆಸ್ಟು ಹೇಳಿತು, ಎಕ್ಸ್‌ರೇ ಹೇಳಿತು, ಬಾಲಾನಗರದ ನಮ್ಮ ಗಲ್ಲಿಯ ಡಾಕ್ಟರೂ ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಅದನ್ನೇ ಹೇಳಿದರು. ಎಲ್ಲ ನಾರ್ಮಲ್. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನೀರಿನ ಬಕೆಟ್ ಎತ್ತಿದರೆ ಎದೆ ಡವಡವ ಎನ್ನುತ್ತಿತ್ತು. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೊಮ್ಮೆ ಹಾಕಿ ಎಲ್ಲರ ನಾಲಿಗೆ ಕೆಡಿಸುತ್ತಿದ್ದೆ. ಬೆರಳಿಗೆ ಸಿಕ್ಕಿಸಿಕೊಳ್ಳುವ ಆಕ್ಸಿಮೀಟರ್ ಮಾತ್ರ ಯಾವಾಗ ನೋಡಿದರೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತಿತ್ತು. ಸಿಟ್ಟು ಬಂದು ಅದನ್ನು ಹಾಸಿಗೆಯ ಕೆಳಗೆ ತುರುಕಿಟ್ಟೆ.

ಹೆದರಿಕೆಗೆ ಕಾರಣವಿತ್ತು. ನಮ್ಮತ್ತೆಯ ತಮ್ಮ ಇದೇ ರೋಗದಿಂದ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಉಂಡು, ತಮಾಷೆ ಮಾಡಿಕೊಂಡು ಓಡಾಡುತ್ತಿದ್ದವರು ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಮುಖ ತೊಳೆಯುತ್ತ ಕುಸಿದು ಹೋಗಿಬಿಟ್ಟರು. ಅವರಿಗೂ ಎಲ್ಲ ನಾರ್ಮಲ್ ಎಂದೇ ಹೇಳಿ ಕಳಿಸಿದ್ದರು. ಅಲ್ಲಿಂದ ಅತ್ತೆಯ ಕಣ್ಣು ನನ್ನ ಮೇಲೆಯೇ. ಬಚ್ಚಲಿನಲ್ಲಿ ತುಸು ತಡವಾದರೆ ಬಾಗಿಲು ಬಡಿಯುತ್ತಿದ್ದರು.

ಅಷ್ಟರಲ್ಲಿ ರಾಯಚೂರಿನಲ್ಲಿದ್ದ ನಾದಿನಿಗೆ ದಿನ ತುಂಬುತ್ತ ಬಂತು. ಹೆರಿಗೆ ನಮ್ಮ ಮನೆಯಲ್ಲಿಯೇ ಆಗಬೇಕಾಗಿತ್ತು, ಆದರೆ ಜ್ವರ ಹೊಕ್ಕ ಮನೆ ಎಂದು ಬೀಗರು ಕಳಿಸಲು ಒಪ್ಪಲಿಲ್ಲ. ಬಾಣಂತನಕ್ಕೆ ಅತ್ತೆಯೇ ಹೋಗಬೇಕು. ಹುಡುಗಿ ಫೋನಿನಲ್ಲಿ ಅಳುತ್ತಿದ್ದಳು, ಅತ್ತೆ ಇಲ್ಲಿ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ಒಂದು ಷರತ್ತು ಹಾಕಿದರು.

"ಮನಿ ಮಂದಿಗೆಲ್ಲಾ ಆಗೋವಷ್ಟು ರೊಟ್ಟಿ ನಡುವ ನಿಲ್ಲದ ಬಡಿ. ಆವಾಗ ನಾ ಬಸ್ ಹತ್ತತೀನಿ."

ನಮ್ಮ ಕಡೆ ಹೆಣ್ಣುಮಕ್ಕಳ ಆರೋಗ್ಯ ಅಳೆಯುವುದು ಹೀಗೆಯೇ. ಜೋಳದ ರೊಟ್ಟಿಗೆ ತೋಳು ಬೇಕು, ಬೆನ್ನು ಬೇಕು, ಎಲ್ಲಕ್ಕಿಂತ ಉಸಿರು ಬೇಕು. ಬಡಿತ ನಡುವೆ ನಿಂತರೆ ಹಿಟ್ಟು ಆರಿ ಅಂಚು ಸೀಳುತ್ತದೆ. ಮೊಣಕಾಲು ನೋವಿನಿಂದ ಅತ್ತೆಗೆ ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಂತಿರಲು ಆಗುತ್ತಿರಲಿಲ್ಲ. ಹೊರಗಿನ ಕೋಣೆಯ ಮಂಚದ ಮೇಲೆ ಕೂತು ಸಪ್ಪಳ ಕೇಳುತ್ತಿದ್ದರು.

ಮೊದಲ ದಿನ ಎರಡನೆಯ ರೊಟ್ಟಿಗೇ ನನಗೆ ಏದುಸಿರು ಬಂತು. ಕೈಗೆ ಹತ್ತಿದ ಹಿಟ್ಟಿನ ಸಮೇತ ನೆಲದ ಮೇಲೆ ಕೂತುಬಿಟ್ಟೆ. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡ, ಅವ್ವನಿಗೆ ಹೋಗಬೇಡ ಎನ್ನುತ್ತೇನೆ ಎಂದಾಗ ಅವರ ಮೇಲೆ ಹರಿಹಾಯ್ದೆ. ನನ್ನಿಂದಾಗಿ ಒಂದು ಬಾಣಂತಿ ತಾಯಿಯಿಲ್ಲದೆ ಮಲಗುವುದು ನನಗೆ ಬೇಕಿರಲಿಲ್ಲ. ಅತ್ತೆಯ ಕಾವಲೂ ಸಾಕಾಗಿತ್ತು. ಆದರೆ ಅವರು ಹೋದ ಮೇಲೆ ಹಗಲೆಲ್ಲ ಒಬ್ಬಳೇ ಇರಬೇಕಲ್ಲ ಎಂಬ ಹೆದರಿಕೆಯೂ ಇತ್ತು.

ಮರುದಿನ ಲಟ್ಟಣಿಗೆ ತೆಗೆದೆ. ಹಿಟ್ಟನ್ನು ಸದ್ದಿಲ್ಲದೆ ಲಟ್ಟಿಸಿ, ಸೀಳಿದ ಅಂಚನ್ನು ಸ್ಟೀಲ್ ಡಬ್ಬಿಯ ಮುಚ್ಚಳದಿಂದ ಒತ್ತಿ ಕತ್ತರಿಸಿ, ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದೆ. ಆಮೇಲೆ ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿಕೊಂಡು, ಬರಿಯ ಹಲಗೆಯನ್ನು ಅಂಗೈಯಿಂದ ತಪತಪ ಬಡಿಯುತ್ತಿದ್ದೆ. ಕೆಮ್ಮು ಬಂದರೆ ಕುಕ್ಕರ್ ಕೂಗುವವರೆಗೆ ತಡೆದುಕೊಳ್ಳುತ್ತಿದ್ದೆ. ಕೆಳಗಿನ ಮನೆಯಾಕೆ ಮೇಲೆ ಬಂದು, ನಿನ್ನ ರೊಟ್ಟಿಯ ಗದ್ದಲ ಮೊದಲಿಗಿಂತ ಜೋರಾಗಿದೆಯಲ್ಲಮ್ಮ ಎಂದು ತೆಲುಗಿನಲ್ಲಿ ಗೊಣಗಿದರು. ಅತ್ತೆ ಮಂಚದಿಂದಲೇ ನಕ್ಕರು. ನಾನು ಗೆದ್ದೆ ಎಂದುಕೊಂಡೆ.

ಹೊರಡುವ ದಿನ ಗಂಡ ಆಟೋ ಕರೆಯಲು ಕೆಳಗಿಳಿದಿದ್ದರು. ದಾರಿಗೆಂದು ಕಟ್ಟಿಟ್ಟ ಬುತ್ತಿಯನ್ನು ಅತ್ತೆ ಬಿಚ್ಚಿದರು. ಮೇಲಿನ ರೊಟ್ಟಿ ತೆಗೆದು ಅಂಗೈ ಮೇಲಿಟ್ಟುಕೊಂಡು ಅದರ ಅಂಚಿನ ಸುತ್ತ ಬೆರಳಾಡಿಸಿದರು.

"ನಿನ್ನ ರೊಟ್ಟಿ ಇಷ್ಟು ಗುಂಡಗ ಯಾವತ್ತರ ಆಗಿತ್ತೇನವಾ?"

ನಾನು ಬುತ್ತಿಯ ಬಟ್ಟೆಯನ್ನು ಮತ್ತೆ ಕಟ್ಟಲು ಹೋದೆ. ಅವರು ರೊಟ್ಟಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

"ನೀ ಬರೇ ಹಲಗಿ ಬಡ್ಯಾಕತ್ತಿದ್ದು ಮೊದಲನೇ ದಿನಾನ ನನಗ ಗೊತ್ತಾಗೇತಿ. ಮಗಳ ಕಡೆ ಹೋಗೋದಿತ್ತು, ಅದಕ್ಕ ಗೊತ್ತಿಲ್ಲದಂಗ ಕುಂತೆ. ಈಗ ನೋಡು, ಕಾಲ ಏಳವಲ್ದು."

ಒಂದು ಗಳಿಗೆ ನನಗೆ ಭಾರಿ ಸಿಟ್ಟು ಬಂತು. ಇಷ್ಟು ದಿನ ಅಂಗೈ ಕೆಂಪಾಗುವಂತೆ ಹಲಗೆ ಬಡಿದದ್ದೆಲ್ಲ, ಗೊತ್ತಿದ್ದೂ ಸುಮ್ಮನಿದ್ದವರ ಮುಂದೆಯೇ? ಆಮೇಲೆ ಅವರ ಮುಖ ನೋಡಿದೆ. ತಮ್ಮನನ್ನು ಕಳೆದುಕೊಂಡಾಗ ಇದ್ದ ಮುಖವೇ ಅದು. ಗಂಡನಿಗೂ ಡಾಕ್ಟರಿಗೂ ಬಾಯಿಬಿಟ್ಟು ಹೇಳದ ಮಾತು ಆಗ ಹೊರಗೆ ಬಂತು.

"ಉಸಿರು ಸಾಲವಲ್ದುರಿ ಅತ್ತಿ. ಸಾಯತೀನೇನೋ ಅಂತ ಭಾಳ ಹೆದರಿಕಿ ಆಗತೈತಿ."

ಏನೂ ಆಗುವುದಿಲ್ಲ ಎಂದು ಅವರು ಸಮಾಧಾನ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ನನ್ನ ಕೈ ಹಿಡಿದು, ಅಂಗೈಯನ್ನು ತಮ್ಮ ಸೆರಗಿನಿಂದ ಒರೆಸಿದರು. ಮಗ ಬಂದ ಮೇಲೆ, ನಾಳೆಯೇ ಇವಳನ್ನು ದೊಡ್ಡ ಆಸ್ಪತ್ರೆಯ ಎದೆ ಡಾಕ್ಟರಿಗೆ ತೋರಿಸು ಎಂದು ಕಟ್ಟುನಿಟ್ಟಾಗಿ ಹೇಳಿದರು. ಕೆಳಗಿನ ಮನೆಯಾಕೆಗೆ ತಮಗೆ ಬರುವ ಹರಕುಮುರುಕು ತೆಲುಗಿನಲ್ಲಿ, ಮೇಲೆ ಸದ್ದಿಲ್ಲದಿದ್ದರೆ ಬಂದು ನೋಡಮ್ಮ ಎಂದರು. ಆಟೋದಲ್ಲಿ ಕೂತ ಮೇಲೆ ನನ್ನತ್ತ ಬಾಗಿದರು.

"ದಿನಾ ಮುಂಜಾನೆ ಫೋನ್ ಹಚ್ಚತೀನಿ. ಇನ್ನ ಸುಳ್ಳ ಸಪ್ಪಳ ಮಾಡಬ್ಯಾಡ."

ದೊಡ್ಡ ಆಸ್ಪತ್ರೆಯ ಡಾಕ್ಟರು ನಾರ್ಮಲ್ ಎನ್ನಲಿಲ್ಲ. ಈ ರೋಗ ಬಂದು ಹೋದವರಲ್ಲಿ ಎಷ್ಟೋ ಜನರಿಗೆ ಹೀಗೆ ದಣಿವು, ಏದುಸಿರು, ಮರೆವು ಉಳಿಯುತ್ತವೆ ಎಂದರು. ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು, ಶಕ್ತಿ ಮೀರಿ ಕೆಲಸ ಮಾಡಬೇಡಿ ಎಂದು ಗದರಿದರು. ಯಾವಾಗ ಪೂರ್ತಿ ಗುಣವಾಗುತ್ತದೆ ಎಂದು ಕೇಳಿದ್ದಕ್ಕೆ, ಅದು ತಮಗೂ ಗೊತ್ತಿಲ್ಲ ಎಂದರು. ನಾನು ಸುಳ್ಳು ಹೇಳುತ್ತಿಲ್ಲ ಎಂದು ಒಬ್ಬ ಡಾಕ್ಟರಾದರೂ ಒಪ್ಪಿದರಲ್ಲ ಎಂದು ಹಗುರಾಯಿತು, ಆದರೆ ಭಯ ಪೂರ್ತಿ ಹೋಗಲಿಲ್ಲ.

ಮಗು ಹುಟ್ಟಿದ ಮರುದಿನ ಬೆಳಿಗ್ಗೆಯೂ ಅತ್ತೆಯ ಫೋನ್ ಬಂತು. ಹೆಣ್ಣು ಕೂಸು, ತಾಯಿಯ ಮೂಗು ಎಂದೆಲ್ಲ ಹೇಳಿ ಮುಗಿಸಿದ ಮೇಲೆ, ಇವತ್ತು ಏನು ಅಡುಗೆ ಮಾಡಿದಿ ಎಂದು ಕೇಳಿದರು.

"ಅನ್ನ ಮಾಡೀನ್ರಿ," ಎಂದೆ. ಮುಂದೆ ಇನ್ನೇನೋ ಹೇಳುವುದಿತ್ತು, ಉಸಿರು ಸಾಲದೆ ನಿಂತೆ. ಆ ಕಡೆ ಕೂಸು ಅಳುತ್ತಿತ್ತು. ಅತ್ತೆ ಫೋನ್ ಇಡಲಿಲ್ಲ. ನನ್ನ ಉಸಿರು ತಿರುಗುವವರೆಗೂ ಕಾಯುತ್ತಿದ್ದರು.