ಹಡಗಿನಲ್ಲಿ ಕೊಂಡ ಅತ್ತೆಯ ಫೋಟೊ

ನನ್ನ ಗಂಡನಿಗೆ ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ ಪೈಪು, ಮೋಟಾರುಗಳ ಅಂಗಡಿ ಇದೆ. ನಾನು ಸೆಟ್ಟೂರಿನ ಕಡೆಯ ಒಂದು ಊರಿನಲ್ಲಿ ಕನ್ನಡ ಶಾಲೆಯ ಮೇಡಂ. ಎರಡು ವರ್ಷದ ಹಿಂದೆ ಪೈಪ್ ಕಂಪನಿಯವರು, ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನೆಲ್ಲ ಮುಂಬೈಯಿಂದ ದೊಡ್ಡ ಹಡಗಿನಲ್ಲಿ ಸಮುದ್ರ ಸುತ್ತಿಸಿಕೊಂಡು ಬರುತ್ತೇವೆ ಎಂದರು. ಒಂದೊಂದು ಅಂಗಡಿಗೂ ಮೂರು ಜನ. ಮಗಳಿಗೆ ಪರೀಕ್ಷೆ ಇತ್ತು. ಹಾಗಾಗಿ ಮೂರನೆಯವರಾಗಿ ಹಿಂದೂಪುರದಿಂದ ಅತ್ತೆಯನ್ನು ಕರೆದುಕೊಂಡು ಹೋಗೋಣ ಎಂದು ನನ್ನ ಗಂಡ ಹೇಳಿದರು. ನಿಜ ಹೇಳಬೇಕೆಂದರೆ ನನಗೆ ಮನಸ್ಸಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ ಸಲ ಇಬ್ಬರೇ ಹೋಗುತ್ತೇವೆ ಎಂದುಕೊಂಡಿದ್ದೆ.

ಅತ್ತೆ ಹಿಂದೂಪುರದಲ್ಲಿ ನಮ್ಮ ಭಾವನವರ ಮನೆಯಲ್ಲಿದ್ದಾರೆ. ಹುಣಸೆಹಣ್ಣಿನ ಕಾಲ ಬಂತೆಂದರೆ ಬೀದಿಯ ಹೆಂಗಸರನ್ನೆಲ್ಲ ಜಗಲಿಯ ಮೇಲೆ ಕೂರಿಸಿಕೊಂಡು ಬೀಜ ಬಿಡಿಸುವ ಕೆಲಸ ನಡೆಸುತ್ತಾರೆ. ಅವರ ದನಿ ಬೀದಿಯ ಆ ತುದಿಗೂ ಕೇಳುತ್ತದೆ. ಆದರೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಮಾತು ಒಂದೂ ಬಾರದು. ಓದು ಬಾರದು.

ಹೈವೇ ಮೇಲಿನ ಕೊಡಿಕೊಂಡದ ಡಾಬಾದಲ್ಲಿ ನಮ್ಮ ಕಡೆಯ ಡೀಲರುಗಳೆಲ್ಲ ಸೇರಿ, ಅಲ್ಲಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಟೆವು. ಡಾಬಾದ ಮುಂದೆ ನಾನು ನನ್ನ ಗಂಡನ ಜೊತೆ ಒಂದು ಸೆಲ್ಫಿ ತೆಗೆದುಕೊಳ್ಳುವಾಗ ಅತ್ತೆ ಬಂದು ನನ್ನ ಭುಜಕ್ಕೆ ಅಂಟಿ ನಿಂತರು. "ಅತ್ತೆ, ಒಂಚೂರು ಆ ಕಡೆ ನಿಂತ್ಕಳಿ" ಎಂದೆ. ಅವರು ಸರಿದು ನಿಂತರು.

ಮುಂಬೈಯಲ್ಲಿ ಹಡಗು ಹತ್ತುವ ಕಡೆ ಹಡಗಿನವರದೇ ಫೋಟೊದವರು ಇದ್ದರು. ಪರದೆಯೊಂದರ ಮುಂದೆ ಕೆಂಪು ಬಿಳಿ ಬಣ್ಣದ ತೇಲುವ ಟ್ಯೂಬ್ ಇಟ್ಟು, ಯಾರನ್ನೂ ಬಿಡದೆ ನಿಲ್ಲಿಸಿ ಒಂದೊಂದು ಫೋಟೊ ತೆಗೆದೇ ಒಳಗೆ ಬಿಡುತ್ತಿದ್ದರು. ತೆಗೆಯುತ್ತಿದ್ದವಳು ಒಬ್ಬ ಹುಡುಗಿ, ಈಶಾನ್ಯದ ಕಡೆಯವಳಿರಬೇಕು. ಅತ್ತೆಯನ್ನು ಕೈಹಿಡಿದು ನಮ್ಮಿಬ್ಬರ ನಡುವೆ ನಿಲ್ಲಿಸಿದಳು. ದುಡ್ಡು ಕೇಳಲಿಲ್ಲ. ಪುಕ್ಕಟೆ ಇರಬೇಕು ಎಂದುಕೊಂಡೆವು.

ಮಾರನೆಯ ದಿನ ಬೆಳಿಗ್ಗೆ ನಾನೂ ಅತ್ತೆಯೂ ತಿಂಡಿ ತಿಂದು ಬರುವಾಗ ಗೊತ್ತಾಯಿತು. ಉದ್ದನೆಯ ಹಜಾರದ ತುಂಬ ಫಲಕಗಳು, ಫಲಕಗಳ ತುಂಬ ಹಡಗು ಹತ್ತಿದವರ ಮುಖಗಳು. ಬೇಕಾದವರು ಕೊಳ್ಳಬೇಕು. ಅತ್ತೆ ಆ ಸಾವಿರ ಮುಖಗಳಲ್ಲಿ ನಮ್ಮನ್ನು ಅರೆಗಳಿಗೆಯಲ್ಲಿ ಹುಡುಕಿಬಿಟ್ಟರು.

"ಅಗಾ, ನೋಡಮ್ಮಿ! ನಾನು!"

ಹಸಿರು ಸೀರೆ, ಹೆಗಲ ಮೇಲೆ ಸೆರಗಿಗೆ ಹಾಕಿದ ಪಿನ್ನು, ಭಯದಿಂದ ಅಗಲವಾದ ಕಣ್ಣು. ನಾನು ಬೆಲೆ ಕೇಳಿದೆ. ಹೇಳಿದ್ದು ಕೇಳಿ ಫೋಟೊ ತಿರುಗಿ ಫಲಕಕ್ಕೆ ಸಿಕ್ಕಿಸಿದೆ. ಆ ಫೋಟೊದ ಹುಡುಗಿ ಹಿಂದಿಯಲ್ಲಿ, ನಾಳೆ ಹಡಗು ದಡ ಸೇರುವ ಮುಂಚೆ ಕೊಳ್ಳದೆ ಉಳಿದವನ್ನೆಲ್ಲ ಮಿಷನ್ನಿಗೆ ಹಾಕಿಬಿಡುತ್ತೇವೆ, ಯೋಚಿಸಿ ಎಂದಳು.

"ಏನಂದ್ಲು?" ಅತ್ತೆ ಕೇಳಿದರು.

"ತಕ್ಕಳ್ದೆ ಇದ್ರೆ ಚೂರು ಮಾಡ್ತಾರಂತೆ."

"ಅಯ್ಯೋ! ನಮ್ ಮುಖಾನಾ?"

"ಕಾಗದ ಅತ್ತೆ ಅದು. ಬನ್ನಿ, ಫೋನಲ್ಲೇ ತಕ್ಕಂಡ್ರಾಯ್ತು."

ಫೋನಿನಲ್ಲಿ ತೆಗೆಯಲಿಲ್ಲ. ಮರೆತೆ. ಅತ್ತೆ ಎರಡು ಸಲ ತಿರುಗಿ ನೋಡಿಕೊಂಡು ನನ್ನ ಹಿಂದೆ ಬಂದರು. ರೂಮಿಗೆ ಬಂದಮೇಲೆ, "ನಿಮ್ಮಾವಂದೂ ಒಂದು ಒಳ್ಳೆ ಫೋಟೊ ಇಲ್ಲ ಕಣಮ್ಮಿ, ರೇಷನ್ ಕಾರ್ಡಲ್ಲಿರೋದ್ನೇ ದೊಡ್ಡದು ಮಾಡ್ಸಿ ಹಾರ ಹಾಕವ್ರೆ" ಎಂದು ಗೋಡೆಯ ಕಡೆ ಮುಖ ಮಾಡಿ ಹೇಳಿದರು. ನಾನು ಹೂಂ ಎಂದೆ.

ಮಧ್ಯಾಹ್ನ ಊಟವಾದಮೇಲೆ ಡೀಲರುಗಳಿಗೆ ಮೀಟಿಂಗ್ ಇತ್ತು. ನನ್ನ ಗಂಡ ಹೋದರು. ಹಡಗು ಸ್ವಲ್ಪ ಓಲಾಡುತ್ತಿತ್ತು, ನನಗೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆಂದು ಕೊಟ್ಟಿದ್ದ ಮಾತ್ರೆ ನುಂಗಿ ಮಲಗಿದೆ. ಅತ್ತೆ ಪಕ್ಕದ ಸಣ್ಣ ಮಂಚದಲ್ಲಿ ಕೂತು ಗಾಜಿನ ದುಂಡು ಕಿಟಕಿಯ ಆಚೆ ನೋಡುತ್ತಿದ್ದರು.

ಎಚ್ಚರವಾದಾಗ ಮಂಚ ಖಾಲಿ ಇತ್ತು.

ಬಾತ್‌ರೂಮಿನ ಬಾಗಿಲು ತಟ್ಟಿದೆ. ತೆರೆದೇ ಇತ್ತು, ಯಾರೂ ಇರಲಿಲ್ಲ. ಅವರ ಚಪ್ಪಲಿ ಬಾಗಿಲ ಬಳಿಯೇ ಇದ್ದವು. ರೂಮಿನ ಕಾರ್ಡು ಮೇಜಿನ ಮೇಲಿತ್ತು. ಫೋನು ಹೇಗೂ ಸಮುದ್ರದ ಮಧ್ಯದಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ, ಅದು ಅವರ ಚೀಲದಲ್ಲೇ ಇತ್ತು. ಬರಿಗಾಲಿನಲ್ಲಿ ಎಲ್ಲಿಗೆ ಹೋದರು?

ಹೊರಗೆ ಬಂದೆ. ಒಂದೇ ಬಣ್ಣದ ಕಾರ್ಪೆಟ್ಟು, ಒಂದೇ ಥರದ ಬಾಗಿಲುಗಳು, ಎರಡೂ ಕಡೆ ಕೊನೆ ಕಾಣದ ಓಣಿ. "ಅತ್ತೇ" ಎಂದು ಕೂಗಿದೆ. ಓಣಿ ನನ್ನ ದನಿಯನ್ನು ನುಂಗಿಬಿಟ್ಟಿತು. ಮೊದಲು ಊಟದ ಹಾಲ್, ಆಮೇಲೆ ಅಂಗಡಿಗಳು, ಆಮೇಲೆ ಫೋಟೊ ಹಜಾರ, ಎಲ್ಲ ಕಡೆ ನೋಡಿದೆ. ಆಗ ಹಜಾರದಲ್ಲಿ ಯಾರೂ ಇರಲಿಲ್ಲ. ಫಲಕಗಳ ಮೇಲಿಂದ ಮುಖಗಳು ಮಾತ್ರ ನನ್ನನ್ನೇ ನೋಡುತ್ತಿದ್ದವು. ನಿಲ್ಲದೆ ಲಿಫ್ಟಿಗೆ ಓಡಿದೆ.

ಮೇಲಿನ ತೆರೆದ ಅಂತಸ್ತಿಗೆ ಬಂದಾಗ ಗಾಳಿ ಸೆರಗು ಕಿತ್ತುಕೊಳ್ಳುವ ಹಾಗೆ ಬೀಸುತ್ತಿತ್ತು. ಈಜುಕೊಳದ ಹತ್ತಿರ ಜನ ಕುಣಿಯುತ್ತಿದ್ದರು. ನಾನು ಕಟಕಟೆಯ ಪಕ್ಕದಲ್ಲೇ ಒಂದು ಸುತ್ತು ಬಂದೆ. ಹಿಂಭಾಗದಲ್ಲಿ ಯಾರೂ ಇರಲಿಲ್ಲ. ಅಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದೆ. ಹಡಗು ಬಿಟ್ಟುಬಂದ ಬಿಳಿ ನೊರೆ ದೂರದ ತನಕ ದಾರಿಯ ಹಾಗೆ ಬಿದ್ದಿತ್ತು, ಅದರಾಚೆ ಬರೀ ನೀರು. ಕಟಕಟೆ ನನ್ನ ಎದೆಯ ಮಟ್ಟಕ್ಕಿತ್ತು. ಅತ್ತೆ ಕುಳ್ಳಗಿದ್ದಾರೆ, ಹತ್ತಲಾರರು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ತಕ್ಷಣ, ಹತ್ತುವ ಮಾತು ನನ್ನ ತಲೆಗೆ ಯಾಕೆ ಬಂತು ಎಂದು ಕಟಕಟೆ ಬಿಟ್ಟು ಹಿಂದೆ ಸರಿದೆ. ಬೆಳಿಗ್ಗೆ ಹಜಾರದಿಂದ ಬಂದಮೇಲೆ ಅವರು ಎಷ್ಟು ಮಾತಾಡಿದ್ದರು? ಗೋಡೆಯ ಕಡೆ ಮುಖ ಮಾಡಿ ಹೇಳಿದ ಆ ಒಂದು ಮಾತು ಬಿಟ್ಟರೆ ಏನೂ ಇಲ್ಲ.

ಮೀಟಿಂಗ್ ಹಾಲ್‌ನ ಬಾಗಿಲು ತೆಗೆದು ಗಂಡನನ್ನು ಕೈಸನ್ನೆ ಮಾಡಿ ಕರೆದೆ. ನನ್ನ ಮುಖ ನೋಡಿದ್ದೇ ಎದ್ದು ಬಂದರು.

"ಅತ್ತೆ ಕಾಣ್ತಿಲ್ಲ."

"ಕಾಣ್ತಿಲ್ಲ ಅಂದ್ರೆ? ನಿನ್ ಜೊತೇಲೇ ಇದ್ಲಲ್ಲ?"

"ಮಲಗ್ಬುಟ್ಟಿದ್ದೆ."

ಅವರು ನನಗಿಂತ ಮುಂದೆ ಮೆಟ್ಟಿಲ ಕಡೆ ನಡೆದರು. ಬೈದಿದ್ದರೆ ಚೆನ್ನಾಗಿತ್ತು.

ಕೆಳಗಿನ ಕೌಂಟರಿಗೆ ಹೋದೆವು. ಸೆಕ್ಯುರಿಟಿಯವರು ಇಬ್ಬರು ಬಂದು ನಮ್ಮನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ವಯಸ್ಸಾದವರು ನನ್ನ ಅರೆಬರೆ ಹಿಂದಿಗೆ ತಕ್ಕ ಹಾಗೆ ನಿಧಾನವಾಗಿ ಕೇಳುತ್ತ ಹೋದರು. ಕೊನೆಗೆ ನೋಡಿದ್ದು ಯಾವಾಗ? ಏನು ಉಟ್ಟಿದ್ದರು? ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ? ಆಮೇಲೆ ಪೆನ್ನು ಕೆಳಗಿಟ್ಟು ಇನ್ನೂ ಮೆತ್ತಗೆ ಕೇಳಿದರು: "ಮನೆಯಲ್ಲಿ ಏನಾದರೂ ಬೇಜಾರು? ಇವತ್ತು ಯಾರಾದರೂ ಏನಾದರೂ ಅಂದಿದ್ದರಾ?"

ಅವರು ಏನನ್ನು ಹುಡುಕುತ್ತಿದ್ದಾರೆ ಎಂದು ಆಗ ಅರ್ಥವಾಯಿತು. ನನ್ನ ಗಂಡ ನನ್ನ ಕಡೆ ತಿರುಗಿದರು. ಇಲ್ಲ ಎಂದು ತಲೆಯಾಡಿಸಿದೆ.

"ಫೋಟೊ ತೋರಿಸಿ" ಎಂದರು.

ಫೋನು ತೆಗೆದೆ. ಮಗಳ ಫೋಟೊಗಳು, ಶಾಲೆಯ ಮಕ್ಕಳು, ಊಟದ ತಟ್ಟೆಗಳು, ಅಂಗಡಿಯಲ್ಲಿ ನೋಡಿ ಬಿಟ್ಟುಬಂದ ಸೀರೆಗಳು. ಬೆರಳಿನಿಂದ ಸರಿಸಿದೆ, ಸರಿಸಿದೆ. ಅತ್ತೆ ಎಲ್ಲೂ ಇರಲಿಲ್ಲ. ಡಾಬಾದ ಸೆಲ್ಫಿಯ ಅಂಚಿನಲ್ಲಿ ಒಂದು ಮೊಣಕೈ, ಎರಡು ಬಳೆ. ಅಷ್ಟೆ. ಗಂಡನ ಫೋನಿನಲ್ಲಿದ್ದದ್ದು ಭಾವನ ಮಗಳ ಮದುವೆಯ ಗುಂಪಿನ ಫೋಟೊ ಒಂದು. ಅದನ್ನು ದೊಡ್ಡದು ಮಾಡಿದರೆ ಅತ್ತೆಯ ಮುಖ ಬರೀ ಚುಕ್ಕೆಗಳಾಗುತ್ತಿತ್ತು. ಆ ಸೆಕ್ಯುರಿಟಿಯವರು ನನ್ನ ಫೋನನ್ನೇ ನೋಡುತ್ತಿದ್ದರು. ಹದಿನೆಂಟು ವರ್ಷದಿಂದ ಸೊಸೆ ನಾನು.

"ಇದೆ" ಎಂದೆ. "ಫಲಕದಲ್ಲಿದೆ."

ಹಜಾರಕ್ಕೆ ಓಡಿದೆವು. ನಮ್ಮ ಫೋಟೊ ಬೆಳಿಗ್ಗೆ ನಾನು ಸಿಕ್ಕಿಸಿದ ಜಾಗದಲ್ಲಿ ಇರಲಿಲ್ಲ. ಒಳಗೆಲ್ಲೋ ಮಿಷನ್ನಿನ ಗುಯ್ ಅನ್ನುವ ಸದ್ದು ಕೇಳುತ್ತಿತ್ತು. ಆ ಹುಡುಗಿ ಒಳಗಿಂದ ಬಂದಳು. ಗಂಡ ಹೇಳಿದ್ದನ್ನು ಕೇಳಿ, ಗಾಬರಿಯಾಗಬೇಡಿ, ಅದು ಪ್ರಿಂಟ್ ಮಾಡುವ ಮಿಷನ್ನು, ಹೊಸ ಫೋಟೊಗಳಿಗೆ ಜಾಗ ಬೇಕೆಂದು ನಿಮ್ಮದನ್ನು ಪಕ್ಕದ ಫಲಕಕ್ಕೆ ಹಾಕಿದ್ದೇನೆ ಎಂದು ತಾನೇ ತೆಗೆದು ತೋರಿಸಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಅತ್ತೆಯ ಮುಖ, ಹೆಗಲಷ್ಟನ್ನೇ ದೊಡ್ಡದು ಮಾಡಿ ಏಳೆಂಟು ಪ್ರತಿ ಪ್ರಿಂಟ್ ಹಾಕಿ ಸೆಕ್ಯುರಿಟಿಯವರ ಕೈಗಿಟ್ಟಳು. ದುಡ್ಡಿನ ಮಾತು ಎತ್ತಲಿಲ್ಲ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ಹೇಳಲಾರೆ. ಹಡಗಿನ ಮೈಕಿನಲ್ಲಿ ಅತ್ತೆಯ ಹೆಸರು ಕರೆದರು, ಉಚ್ಚಾರ ಕೆಟ್ಟು ಯಾರದೋ ಹೆಸರಿನ ಹಾಗೆ ಕೇಳುತ್ತಿತ್ತು. ಒಂದು ಪ್ರತಿ ಹಿಡಿದು ನಾನು ಸಿಕ್ಕಸಿಕ್ಕವರಿಗೆ ತೋರಿಸುತ್ತ ಹೋದೆ. ಜನ ನೋಡಿ ತಲೆಯಾಡಿಸುತ್ತಿದ್ದರು. ಕೆಲವರು ನನ್ನನ್ನು ನೋಡುತ್ತಿದ್ದ ರೀತಿಯಲ್ಲೇ ಅವರು ಏನು ಯೋಚಿಸುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕಿಟಕಿಗಳಾಚೆ ನೀರು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಹಿಂದೂಪುರದಲ್ಲಿ ಭಾವನಿಗೆ, ಆ ಜಗಲಿಯ ಹೆಂಗಸರಿಗೆ ಯಾವ ಬಾಯಿಂದ ಹೇಳಲಿ ಎಂದು ಒಂದು ಕಡೆ ಮನಸ್ಸು ಆಗಲೇ ಮಾತು ಜೋಡಿಸುತ್ತಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ನನ್ನ ಕೈಯಲ್ಲಿದ್ದ ಫೋಟೊ ನೋಡಿ ನಿಂತಳು. ಮುಖವನ್ನಲ್ಲ, ಸೆರಗಿನ ಪಿನ್ನನ್ನು ಬೆರಳಿನಿಂದ ಮುಟ್ಟಿದಳು. ಈ ಅಮ್ಮ ಬರಿಗಾಲಲ್ಲಿದ್ದರು, ನಾಟಕದ ಹಾಲ್‌ನ ಪಕ್ಕದ ಟಾಯ್ಲೆಟ್ ಕಡೆ ಹೋಗುವುದನ್ನು ನೋಡಿದೆ ಎಂದಳು.

ಹಾಲ್‌ನಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ತಾಲೀಮು ನಡೆಯುತ್ತಿತ್ತು. ಗೋಡೆ ಅದುರುವಂಥ ಸಂಗೀತ. ಪಕ್ಕದಲ್ಲಿ ಗಾಲಿಕುರ್ಚಿಯವರಿಗೆಂದು ಮಾಡಿದ ದೊಡ್ಡ ಬಾತ್‌ರೂಮ್. ಒಳಗಿಂದ ಚಿಲಕ ಹಾಕಿತ್ತು. ಕಿವಿ ಇಟ್ಟರೆ ಡೋಲಿನ ಸದ್ದಷ್ಟೇ ಕೇಳುತ್ತಿತ್ತು. ಯಾರೋ ಓಡಿಹೋಗಿ ಸಂಗೀತ ನಿಲ್ಲಿಸಿದರು. ಆಗ ಒಳಗಿಂದ, ಬೀದಿಯ ಆ ತುದಿಗೂ ಕೇಳುತ್ತಿದ್ದ ಆ ದನಿ, ಸೋತು ಪಿಸುಮಾತಿನಷ್ಟಾಗಿ ಬಂತು.

"ಎವರೈನಾ ಉನ್ನಾರಾ... ಯಾರಾದ್ರೂ ಇದೀರೇನಪ್ಪಾ..."

"ಅತ್ತೇ! ನಾನು, ನಾನು ಬಂದಿದೀನಿ!"

ಚಿಲಕವನ್ನು ಅವರು ಅಡ್ಡದಿಡ್ಡಿ ತಿರುಗಿಸಿ ಬಿಗಿಯಾಗಿಸಿಬಿಟ್ಟಿದ್ದರು. ಹಡಗಿನವರು ಹೊರಗಿಂದ ಕೀಲಿಕೈ ಹಾಕಿ ತೆಗೆದರು. ಅತ್ತೆ ನೆಲದ ಮೇಲೆ ಕೂತಿದ್ದರು. ಬಾಗಿಲು ಬಡಿದೂ ಬಡಿದೂ ಅಂಗೈ ಕೆಂಪಾಗಿ ಊದಿದ್ದವು. ಮಗನನ್ನು ನೋಡಲಿಲ್ಲ. ನನ್ನ ಎರಡು ಕೈಯನ್ನೂ ಹಿಡಿದುಕೊಂಡರು.

"ಮೇಲಿಂದ ನನ್ ಹೆಸ್ರು ಹಿಡ್ದು ಕೂಗ್ತಾನೇ ಇದ್ರು ಕಣಮ್ಮಿ. ಹಡಗು ಮುಳುಗ್ತಾ ಐತೆ, ಎಲ್ರೂ ಇಳ್ದು ಹೋಗ್ತಾವ್ರೆ, ನಾನೊಬ್ಳು ಉಳ್ಕಂಡೆ ಅಂತ ಕರೀತಾವ್ರೆ ಅಂದ್ಕಂಡೆ."

"ಅಲ್ಲೊಂದು ಕೆಂಪು ದಾರ ಇತ್ತಲ್ಲ ಅಮ್ಮ, ಎಳೆದಿದ್ರೆ ಬರ್ತಿದ್ರು" ಎಂದರು ನನ್ನ ಗಂಡ.

"ನೋಡ್ದೆ. ಎಳುದ್ರೆ ಹಡಗು ನಿಂತೋಗ್ಬುಟ್ರೆ? ಅಷ್ಟು ಜನ ಅವ್ರೆ ಅದ್ರಾಗೆ."

ಹಡಗಿನ ಡಾಕ್ಟರು ಬಿ.ಪಿ. ನೋಡಿ, ಉಪ್ಪು ಸಕ್ಕರೆ ನೀರು ಕುಡಿಸಿ ಕಳಿಸಿದರು. ನನ್ನ ಗಂಡ ಸೆಕ್ಯುರಿಟಿಯವರಿಗೆ ಕಾಗದ ಬರೆದುಕೊಡಲು ಹೋದಾಗ ರೂಮಿನಲ್ಲಿ ನಾವಿಬ್ಬರೇ ಇದ್ದೆವು.

"ಯಾಕತ್ತೆ ಹೋದ್ರಿ, ನನ್ನ ಎಬ್ಬಿಸ್ದೆ?"

"ಚೂರು ಮಾಡ್ಬುಡ್ತಾರೆ ಅಂದ್ಯಲ್ಲ. ಬ್ಯಾಡ ಕಣಮ್ಮ ಅಂತ ಆ ಹುಡುಗೀಗೆ ಹೇಳಿ ಬತ್ತೀನಿ ಅಂತ ಹೋದೆ. ದಾರಿ ತಪ್ತು. ಅರ್ಜೆಂಟ್ ಆಯ್ತು. ಅವನಿಗೆ ಹೇಳ್‌ಬ್ಯಾಡ, ಬೈತಾನೆ."

"ನಾನು ಬೇಡ ಅಂದಿದ್ದು ನೀವೂ ಹೇಳ್‌ಬೇಡಿ."

"ನಾನ್ಯಾಕೆ ಹೇಳ್ಲಿ" ಎಂದರು.

ಮರುದಿನ ಬೆಳಿಗ್ಗೆ ದಡ ಸೇರುವ ಮುಂಚೆ ಅತ್ತೆಯೂ ನಾನೂ ಹೋಗಿ ಆ ಫೋಟೊ ಕೊಂಡೆವು. ಅತ್ತೆಯೇ ಕೈಚಾಚಿ ತೆಗೆದುಕೊಂಡರು. ಆ ಹುಡುಗಿಯ ಕೆನ್ನೆ ಸವರಿ ತೆಲುಗಿನಲ್ಲಿ ಏನೋ ಹರಸಿದರು, ಅವಳಿಗೆ ಅರ್ಥವಾಗದಿದ್ದರೂ ತಲೆ ಬಾಗಿಸಿದಳು. ಫೋಟೊವನ್ನು ಸರಿಯಾಗಿ ನೋಡಿದ್ದು ನಾನು ಆಗಲೇ. ಅದರಲ್ಲಿ ಅತ್ತೆ ಹಿಡಿದುಕೊಂಡಿರುವುದು ಮಗನ ಕೈಯನ್ನಲ್ಲ, ನನ್ನ ಸೆರಗನ್ನು. ನಾನು ಬೇರೆಲ್ಲೋ ನೋಡುತ್ತಿದ್ದೇನೆ.

ಅದೀಗ ಹಿಂದೂಪುರದ ಮನೆಯ ನಡುಕೋಣೆಯಲ್ಲಿದೆ. ಹುಣಸೆ ಬಿಡಿಸಲು ಬಂದವರು ಸಮುದ್ರ ಹೇಗಿತ್ತು ಎಂದು ಕೇಳಿದರೆ ಅತ್ತೆ, "ಸಮುದ್ರ ನೋಡ್ದೋರು ಇವ್ರು, ನಾನು ಬರೀ ಬಾತ್‌ರೂಮ್ ನೋಡ್ಕಂಡು ಬಂದ್ಬುಟ್ಟೆ" ಎಂದು ನಗಿಸುತ್ತಾರೆ. ನನಗೆ ಮಾತ್ರ ಇನ್ನೂ ನಗು ಬರುವುದಿಲ್ಲ. ನೀರು ಕನಸಿನಲ್ಲಿ ಬರುತ್ತದೆ, ಆ ಬಿಳಿ ನೊರೆಯ ದಾರಿ ಬರುತ್ತದೆ. ಅವರು ಕಲ್ಯಾಣದುರ್ಗಕ್ಕೆ ಬಂದಾಗ ಸ್ನಾನದ ಮನೆಯ ಚಿಲಕದ ಸದ್ದು ಕೇಳಿದರೆ ಒಲೆ ಸಣ್ಣ ಮಾಡಿ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಮೊನ್ನೆ ಅವರು ಬಾಗಿಲು ತೆರೆದಾಗ ನಾನು ಅಲ್ಲೇ ಇದ್ದೆ.

"ಏನಮ್ಮಿ, ಇಲ್ಲಿ ನಿಂತಿದೀಯ?"

"ಏನಿಲ್ಲ ಅತ್ತೆ. ಟವೆಲ್ ಬೇಕಾಗಿತ್ತೇನೋ ಅಂತ."